ದೆಲ್ಮಿರಾ ಪರೀಕ್ಷೆಗೆ ಹೋದದ್ದು

ದೆಲ್ಮಿರಾ ಬುಸ್ತೋಸ್ ನನ್ನನ್ನು ಬೈಯಲು ಶುರುಮಾಡಿ ಇಪ್ಪತ್ತು ವರ್ಷದ ಮೇಲಾಯಿತು. ಲಾ ರಿಯೊಹಾದಿಂದ ಕಾನೂನು ಓದಲು ಬಂದು, ಒಂದು ತಿಂಗಳ ಮಟ್ಟಿಗೆ ಅಂತ ಆಕೆಯ ಮನೆಯ ಮುಂದಿನ ಕೋಣೆ ಹಿಡಿದ ರೊಸೆಂದೊ ನಾನು. ಕಾನೂನು ಬಿಟ್ಟೆ, ಕೋಣೆ ಬಿಡಲಿಲ್ಲ. ಈಗ ವಿಶ್ವವಿದ್ಯಾಲಯದ ಎದುರಿಗೇ ನನ್ನದೊಂದು ಜೆರಾಕ್ಸ್ ಅಂಗಡಿಯಿದೆ. ಓದುವವರಿಗೆ ಪುಟ ತೆಗೆದುಕೊಡುತ್ತಾ ನಾನು ಓದದೆ ಸುಖವಾಗಿದ್ದೇನೆ. ದೆಲ್ಮಿರಾ ನನಗಿಟ್ಟ ಹೆಸರು 'ಹಳೇ ಕ್ಯಾಲೆಂಡರು'. ಗೋಡೆಗೆ ನೇತುಬಿದ್ದಿದೆ, ಯಾರೂ ನೋಡುವುದಿಲ್ಲ, ತೆಗೆದು ಬಿಸಾಡಬೇಕೆಂದು ಯಾರಿಗೂ ನೆನಪಾಗುವುದಿಲ್ಲ ಎಂದು ಅದರ ಅರ್ಥವಂತೆ.

ನಮ್ಮ ಕೊರ್ದೊಬಾದಲ್ಲಿ ಅಡ್ಡಹೆಸರಿಲ್ಲದವನು ಒಂದೋ ನಿನ್ನೆ ಊರಿಗೆ ಬಂದವನು, ಇಲ್ಲವೇ ಪೊಲೀಸಿನವನು. ಪೊಲೀಸಿನವನಿಗೂ ಇರುತ್ತದೆ, ಎದುರಿಗೆ ಹೇಳುವುದಿಲ್ಲ ಅಷ್ಟೆ. ಆಲ್ಬೆರ್ದಿ ಬಡಾವಣೆಯಲ್ಲಿ ಈ ವಿದ್ಯೆಗೆ ದೆಲ್ಮಿರಾಳೇ ಪೀಠಾಧಿಪತಿ. ಮೂಲೆಯ ಬೇಕರಿಯವನು 'ಮೋಟು ಕಂಬಳಿ'. ತಲೆಗೆಳೆದರೆ ಕಾಲಿಗಿಲ್ಲ, ಕಾಲಿಗೆಳೆದರೆ ತಲೆಗಿಲ್ಲ, ಒಂದು ದಿನ ಬ್ರೆಡ್ಡಿಗೆ ಉಪ್ಪಿಲ್ಲ, ಇನ್ನೊಂದು ದಿನ ಕೊಬ್ಬಿಲ್ಲ. ಬೆಳಿಗ್ಗೆ ಆಕೆ ಹೆಸರಿಟ್ಟರೆ ಸಂಜೆಯೊಳಗೆ ಬೀದಿಯೆಲ್ಲ ಹಾಗೇ ಕರೆಯುತ್ತದೆ, ಇಡಿಸಿಕೊಂಡವನೂ ಹಾಗೆಂದರೇ ಓಗೊಡುತ್ತಾನೆ.

ಗಂಡ ರೈಲ್ವೆ ಕಾರ್ಖಾನೆಯಲ್ಲಿದ್ದ. ಅವನು ತೀರಿಕೊಂಡ ಮೇಲೆ ದೆಲ್ಮಿರಾ ಅಳುತ್ತಾ ಕೂರಲಿಲ್ಲ. ದ್ರಾಕ್ಷಿ ಚಪ್ಪರದ ಅಂಗಳದ ಸುತ್ತ ಇದ್ದ ಕೋಣೆಗಳಿಗೆ ಸುಣ್ಣ ಹೊಡೆಸಿ ಓದುವ ಮಕ್ಕಳಿಗೆ ಕೊಟ್ಟಳು. ಬಾಡಿಗೆಯ ಜೊತೆಗೆ ಊಟ, ಊಟದ ಜೊತೆಗೆ ಬೈಗುಳ. ಆರು ತಿಂಗಳಿಗೊಮ್ಮೆ ಪರದೇಶದಿಂದ ಓದಲು ಬಂದ ಒಂದು ಜೀವವನ್ನು ವಿಶ್ವವಿದ್ಯಾಲಯದವರು ಈಕೆಯ ಮನೆಗೆ ಕಳಿಸುತ್ತಾರೆ. ಈಕೆ ಅದಕ್ಕೆ ತಿನ್ನಿಸಿ, ಮಾತು ಕಲಿಸಿ, ಅದನ್ನು ದಪ್ಪ ಮಾಡಿ, ಬಸ್ ನಿಲ್ದಾಣದಲ್ಲಿ ಗೊಳೋ ಎಂದು ಅತ್ತು ಕಳಿಸಿಕೊಟ್ಟು, ಮನೆಗೆ ಬಂದವಳೇ ಹಾಸಿಗೆಯ ಹೊದಿಕೆ ಬದಲಾಯಿಸುತ್ತಾಳೆ. ಊಟದ ಮೇಜಿಗೆ ಇರುವುದು ಒಂದೇ ಕಾನೂನು, ಬಾಯಿ ಬಿಡದವರಿಗೆ ಎರಡನೇ ಸಲ ಬಡಿಸುವುದಿಲ್ಲ. ಯಾರು ಏನು ಹೇಳಿದರೂ ಆಕೆ "ಆಮೇಲೆ?" ಅನ್ನುತ್ತಾಳೆ. ಮುಗಿಯಿತು ಅಂದರೆ ಆಕೆಗೆ ನಂಬಿಕೆಯಿಲ್ಲ.

ಇಷ್ಟು ಗಟ್ಟಿಗಿತ್ತಿಗೆ ಒಂದೇ ಒಂದು ಭಯ. ನಾಲ್ಕು ಬೀದಿ ಆಚೆಗಿರುವ ವಿಶ್ವವಿದ್ಯಾಲಯದ ಕಟ್ಟಡಕ್ಕೆ ಆಕೆ ಕಾಲಿಡುವುದಿಲ್ಲ. ತರಕಾರಿ ಮಾರ್ಕೆಟ್ಟಿಗೆ ಹೋಗಬೇಕಾದರೂ ಸುತ್ತು ಹಾಕಿಕೊಂಡು ಹೋಗುತ್ತಾಳೆ. ಕಾರಣ ನನಗೆ ಗೊತ್ತು, ಆ ದಿನ ನಾನೂ ಇದ್ದೆ. ಆಕೆಯ ಒಬ್ಬನೇ ಮಗ ಆರಿಯೆಲ್ ರೋಮನ್ ಕಾನೂನಿನ ಪರೀಕ್ಷೆಗೆ ಕೂತ ದಿನ ಅದು. ನಮ್ಮಲ್ಲಿ ಪರೀಕ್ಷೆ ಬಾಯಿಮಾತಿನದು. ಮೂವರು ಪ್ರೊಫೆಸರುಗಳು ಮೇಜಿನ ಹಿಂದೆ ಕೂರುತ್ತಾರೆ, ತಂತಿಯ ಪಂಜರ ತಿರುಗಿಸಿ ನಂಬರಿನ ಗುಂಡು ಎತ್ತಿಸುತ್ತಾರೆ, ಗುಂಡಿನಲ್ಲಿ ಬಂದ ಪಾಠ ಹೇಳಬೇಕು. ಬಾಗಿಲು ತೆರೆದಿರುತ್ತದೆ, ಯಾರು ಬೇಕಾದರೂ ಕೂತು ಕೇಳಬಹುದು. ಆದರೆ ಮನೆಯವರು ಮಾತ್ರ ಹೋಗಬಾರದು, ಅಪಶಕುನ. ಪರೀಕ್ಷೆ ಯಾವತ್ತು ಅಂತ ಕೇಳಬಾರದು, 'ಒಳ್ಳೆಯದಾಗಲಿ' ಅಂತ ಸಹ ಅನ್ನಬಾರದು. ಇದು ಇಲ್ಲಿನ ಎಳೆ ಮಗುವಿಗೂ ಗೊತ್ತು. ದೆಲ್ಮಿರಾ ಪ್ರೀತಿ ತಡೆಯಲಾರದೆ ಎಂಪನಾದಾ ಕಡುಬಿನ ಡಬ್ಬಿ ಹಿಡಿದು ಹೋಗಿ ಮೊದಲನೇ ಸಾಲಿನಲ್ಲೇ ಕೂತಳು. ಆರಿಯೆಲ್ ಅಮ್ಮನನ್ನು ನೋಡಿದ, ಗುಂಡು ಎತ್ತಿದ, ಬಾಯಿ ತೆರೆದ, ಒಂದಕ್ಷರ ಬರಲಿಲ್ಲ. ಎದ್ದು ಹೋದವನು ಆ ವಾರವೇ ದಕ್ಷಿಣದ ಎಣ್ಣೆ ಬಾವಿಗಳ ಕಡೆ ಬಸ್ಸು ಹತ್ತಿದ. ಈಗ ಕೊಮೊದೊರೊದಲ್ಲಿ ಹೆಂಡತಿ ಮಕ್ಕಳ ಜೊತೆ ಚೆನ್ನಾಗಿದ್ದಾನೆ, ಭಾನುವಾರ ಭಾನುವಾರ ಫೋನು ಮಾಡುತ್ತಾನೆ. ಆದರೆ ದೆಲ್ಮಿರಾ ಪಾಲಿಗೆ ತೀರ್ಪು ಅವತ್ತೇ ಆಗಿಹೋಗಿದೆ: ತನ್ನ ಕಾಲ್ಗುಣದಿಂದ ಮಗನ ಓದು ಹಾಳಾಯಿತು.

ಹೋದ ವರ್ಷ ಆಗಸ್ಟಿನಲ್ಲಿ, ನಮ್ಮ ಚಳಿಗಾಲದಲ್ಲಿ, ಪಿರೆತ್ ಬಂದಳು. ಎಸ್ಟೋನಿಯಾದವಳು.

"ಅದು ದೇಶಾನಾ, ಮಾತ್ರೇನಾ?" ಎಂದಳು ದೆಲ್ಮಿರಾ.

"ದೇಶ," ಎಂದಳು ಪಿರೆತ್. ಅಷ್ಟಕ್ಕೇ ನಿಲ್ಲಿಸಿದಳು.

ಎತ್ತರದ ಹುಡುಗಿ, ಹಿಟ್ಟಿನಲ್ಲಿ ಹೊರಳಿದಂಥ ಬಣ್ಣ. ನಾವು ಎರಡೆರಡು ಸ್ವೆಟರು ಹಾಕಿಕೊಂಡು ನಡುಗುವ ಚಳಿಯಲ್ಲಿ ಅವಳು ತಲೆಗೆ ನೀರು ಹಾಕಿಕೊಂಡು ಅಂಗಳದಲ್ಲಿ ಕೂತು ಓದುತ್ತಿದ್ದಳು. ಅವಳ ಸ್ಪ್ಯಾನಿಷ್ ಪುಸ್ತಕದಿಂದ ಇಳಿಸಿದಷ್ಟು ಶುದ್ಧವಾಗಿತ್ತು. ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಟ್ಟು ಬಾಯಿ ಮುಚ್ಚಿಬಿಡುತ್ತಿದ್ದಳು.

"ಇವತ್ತೇನು ಮಾಡ್ದೆ ಮಗಳೇ?"

"ಗ್ರಂಥಾಲಯದಲ್ಲಿ ಓದಿದೆ."

"ಆಮೇಲೆ?"

"ಆಮೇಲೆ ಓದುವುದು ಮುಗಿಯಿತು."

"ಅಲ್ವೇ, ನಿಮ್ಮ ದೇಶದಲ್ಲಿ ಮಾತಿಗೆ ತೆರಿಗೆ ಹಾಕ್ತಾರೇನೇ? ಮಾತಾಡೇ ತಾಯಿ, ಇಲ್ಲಿ ಪುಕ್ಕಟೆ!"

ಒಂದು ವಾರದಲ್ಲಿ ಹೆಸರು ಬಿತ್ತು: 'ಅಂಗಡಿ ಫ್ರಿಜ್ಜು'. ಚೆಂದಾಗಿದೆ, ತಣ್ಣಗಿದೆ, ಬಾಗಿಲು ತೆಗೆದರೆ ಒಳಗೇನೂ ಇಲ್ಲ. ಪಿರೆತ್ ಅದನ್ನು ಕೇಳಿ ಚಮಚ ಕೆಳಗಿಟ್ಟು, "ನಮ್ಮಲ್ಲಿ ಫ್ರಿಜ್ಜಿನ ಅಗತ್ಯವಿಲ್ಲ. ಕಿಟಕಿ ಇದೆ," ಎಂದಳು. ಮೇಜಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕೆವು. ದೆಲ್ಮಿರಾ ಎದ್ದು ಅವಳ ತಟ್ಟೆಗೆ ಎರಡನೇ ಸಲ ಕುಂಬಳಕಾಯಿ ಸಾರು ಬಡಿಸಿದಳು. ಫ್ರಿಜ್ಜಿನೊಳಗೆ ಏನೋ ಇದೆ ಅಂತ ಆಕೆಗೆ ಅವತ್ತೇ ವಾಸನೆ ಹತ್ತಿರಬೇಕು.

ಪಿರೆತ್ ತೆಗೆದುಕೊಂಡಿದ್ದ ಪಾಠಗಳಲ್ಲಿ ದೊಡ್ಡದು ನಮ್ಮ ಖಂಡದ ಇತಿಹಾಸ. ಅದರಲ್ಲಿ ಪಾಸಾದರೆ ಮಾತ್ರ ಅವಳೂರಿನ ವಿಶ್ವವಿದ್ಯಾಲಯ ಈ ಆರು ತಿಂಗಳನ್ನು ಒಪ್ಪಿಕೊಳ್ಳುತ್ತದೆ. ಇಲ್ಲದಿದ್ದರೆ ವರ್ಷವೂ ಹೋಯಿತು, ವಿದ್ಯಾರ್ಥಿವೇತನವೂ ಹೋಯಿತು. ಪರೀಕ್ಷೆಗೆ ಇದ್ದದ್ದು ಎರಡು ಅವಕಾಶ. ಒಂದು ಡಿಸೆಂಬರಿನ ಮೊದಲಿಗೆ, ಇನ್ನೊಂದು ಅವಳ ವಿಮಾನಕ್ಕೆ ಮುಂಚೆ.

ಮೊದಲನೆಯದರಲ್ಲಿ ಅವಳು ಫೇಲಾದಳು. ಅದನ್ನು ನೋಡಿದ ಒಬ್ಬ ಹುಡುಗ ನನ್ನ ಅಂಗಡಿಗೆ ಬಂದು ಹೇಳಿದ. ಮುಖ್ಯ ಪರೀಕ್ಷಕಿ ಪ್ರೊಫೆಸರ್ ವಿಯಫಾನ್ಯೆ. ಬೀಸಣಿಗೆ ಆಡಿಸುತ್ತಾ, ನೊಣ ಹಾರಿದರೂ ಹುಬ್ಬೇರಿಸುವ ಹೆಂಗಸು. "ಪೊತೊಸಿ ಬೆಟ್ಟದ ಬೆಳ್ಳಿ ಯಾವ ದಾರಿಯಲ್ಲಿ ಸಾಗ್ತಿತ್ತು?" ಎಂದು ಕೇಳಿದರಂತೆ. ಪಿರೆತ್ ಒಂದೇ ವಾಕ್ಯದಲ್ಲಿ ಹೇಳಿದಳು. ಸರಿಯಾಗಿತ್ತು. ಹೇಳಿ ನಿಲ್ಲಿಸಿದಳು. ಪ್ರೊಫೆಸರು ಕಾದರು, ಪಿರೆತ್ ಕಾದಳು. "ಇನ್ನೇನಾದ್ರೂ ಇದೆಯಾ?" "ಇಲ್ಲ." ಮುಂದಿನ ಪ್ರಶ್ನೆ, ಇನ್ನೊಂದು ವಾಕ್ಯ, ಮತ್ತೆ ಮೌನ. ಹತ್ತಕ್ಕೆ ನಾಲ್ಕು ಬಂದರೆ ಪಾಸು. ಇವಳಿಗೆ ಎರಡು ಕೊಟ್ಟು ಕಳಿಸಿದರು. ಅವಳ ದೇಶದಲ್ಲಿ ಗುರುಗಳು ಕೇಳಿದಷ್ಟು ಹೇಳಿ ಸುಮ್ಮನಾಗುವುದೇ ಮರ್ಯಾದೆ. ನಮ್ಮಲ್ಲಿ ಗುರುಗಳು ಪ್ರಶ್ನೆ ಕೇಳುವುದು ರೇಡಿಯೋದ ಗುಂಡಿ ಒತ್ತಿದ ಹಾಗೆ, ಅವರು ಸಾಕು ಅನ್ನುವವರೆಗೂ ಹಾಡುತ್ತಿರಬೇಕು. ಸುಮ್ಮನಾದವನಿಗೆ ಏನೂ ಬರುವುದಿಲ್ಲ ಅಂತಲೇ ಲೆಕ್ಕ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರಲ್ಲ, ಆ ಬಂಗಾರ ಕೊರ್ದೊಬಾದಲ್ಲಿ ಚಲಾವಣೆಯಲ್ಲಿಲ್ಲ.

ನಾನು ಸುದ್ದಿ ತಂದಾಗ ದೆಲ್ಮಿರಾ ಬಟಾಣಿ ಸುಲಿಯುತ್ತಿದ್ದಳು. ಪಿರೆತ್ ಆಗಲೇ ಬಂದು ಕೋಣೆ ಸೇರಿದ್ದಳು.

"ಅವಳಿಗೆ ಬರ್ತಿತ್ತಾ, ಇಲ್ವಾ? ಅದನ್ನ ಹೇಳು," ಎಂದಳು ದೆಲ್ಮಿರಾ.

"ಎಲ್ಲಾ ಬರ್ತಿತ್ತಂತೆ. ಒಂದೂ ತಪ್ಪಿಲ್ವಂತೆ. ಆದ್ರೆ ಹೇಳಿ ನಿಲ್ಲಿಸ್ತಿದ್ಲಂತೆ."

"ಅಯ್ಯೋ ನನ್ನ ಪುಣ್ಯವೇ! ಇಷ್ಟೇನಾ?" ದೆಲ್ಮಿರಾ ಬಟಾಣಿ ಬಟ್ಟಲು ನನ್ನ ಮಡಿಲಿಗೆ ತಳ್ಳಿ ಎದ್ದಳು. "ಬಂಡೆ ಒಡೆದು ನೀರು ತೆಗೀಬೇಕೇನೋ ಅಂದ್ಕೊಂಡಿದ್ದೆ. ಇದು ಬರೀ ನಲ್ಲಿ ಕೆಟ್ಟಿರೋದು. ಏ ಫ್ರಿಜ್ಜು! ಬಾರೇ ಈಚೆ!"

ಪಿರೆತ್ ಬಂದಳು. ಅತ್ತಿರಲಿಲ್ಲ, ಆದರೆ ಕಿವಿಯೆಲ್ಲ ಕೆಂಪಾಗಿತ್ತು. ದೆಲ್ಮಿರಾ ಅವಳನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ, ಮಾಟೆ ಕಷಾಯದ ಬುರುಡೆಗೆ ಬಿಸಿನೀರು ಹೊಯ್ದು ಕೈಗೆ ಕೊಟ್ಟಳು.

"ಇನ್ಮೇಲೆ ದಿನಾ ಮಧ್ಯಾಹ್ನ, ಊರೆಲ್ಲ ಮಲಗಿರೋವಾಗ, ನೀನು ನನಗೆ ಕತೆ ಹೇಳ್ಬೇಕು. ನಿನ್ನ ಆ ಪುಸ್ತಕದಲ್ಲಿ ಇರೋದೇ. ಶುರು ಮಾಡು. ಬೆಳ್ಳಿ ಯಾರು ಹೊತ್ತರು?"

"ಹೇಸರಗತ್ತೆಗಳು ಹೊತ್ತವು."

"ಎಲ್ಲೀವು?"

"ಕೊರ್ದೊಬಾದವು."

"ನಮ್ಮೂರವಾ?" ದೆಲ್ಮಿರಾ ಸೆಟೆದು ಕೂತಳು. "ನಮ್ಮೂರ ಕತ್ತೆ ಅಷ್ಟು ದೂರ ಹೋಗ್ತಿತ್ತಾ? ಆಮೇಲೆ? ಯಾರು ಸಾಕ್ತಿದ್ರು? ಯಾರು ಮಾರ್ತಿದ್ರು? ದಾರೀಲಿ ಸತ್ರೆ ನಷ್ಟ ಯಾರ ತಲೆ ಮೇಲೆ? ಹೇಳೇ ಮಾರಾಯ್ತಿ, ಅರ್ಧಕ್ಕೆ ನಿಲ್ಲಿಸ್ಬೇಡ, ನನಗೆ ತಲೆ ಕೆಡತ್ತೆ!"

ಆ ಡಿಸೆಂಬರ್ ಬೇಸಿಗೆಯ ಸೆಕೆಯ ಮಧ್ಯಾಹ್ನಗಳಲ್ಲಿ ಮೂರು ಶತಮಾನದ ಇತಿಹಾಸ ನೆರೆಮನೆಯ ಜಗಳವಾಗಿ ಬದಲಾಯಿತು. ಗಣಿಯ ಒಡೆಯ, ಪಾದ್ರಿ, ಕತ್ತೆ ವ್ಯಾಪಾರಿ, ಎಲ್ಲರಿಗೂ ಅಡ್ಡಹೆಸರು ಬಿತ್ತು. ಮೊದಮೊದಲು ದೆಲ್ಮಿರಾ ಇಡುತ್ತಿದ್ದಳು, ಆಮೇಲೆ ಪಿರೆತಳೇ ಇಡತೊಡಗಿದಳು. ಒಬ್ಬ ವೈಸರಾಯಿಗೆ ಅವಳಿಟ್ಟ ಹೆಸರು 'ಒದ್ದೆ ಬೆಂಕಿಪೊಟ್ಟಣ'. ಎಷ್ಟು ಗೀರಿದರೂ ಹೊತ್ತುವುದಿಲ್ಲ. ಅದನ್ನು ಕೇಳಿ ದೆಲ್ಮಿರಾ ಮಗುವಿಗೆ ಹಲ್ಲು ಬಂದಷ್ಟು ಸಂಭ್ರಮದಿಂದ ಬೀದಿಗೆಲ್ಲ ಹೇಳಿಕೊಂಡು ಬಂದಳು. ಹುಡುಗಿಯ ಪುಸ್ತಕದ ಮಾತು ಹೋಗಿ ನಮ್ಮ ರಾಗ ಎಳೆಯುವ ಮಾತು ಬಂತು. "ಹೋಗ್ರೀ" ಅನ್ನಲು ಕಲಿತಳು. ನನ್ನನ್ನೇ ಒಂದು ದಿನ "ಏನ್ರೀ ಕ್ಯಾಲೆಂಡರು, ಇವತ್ತು ಯಾವ ತಿಂಗಳು?" ಎಂದಳು.

ಒಂದು ಪಾಠವನ್ನು ಮಾತ್ರ ದೆಲ್ಮಿರಾ ಅಡುಗೆಮನೆಯೊಳಗೆ ಬಿಡಲಿಲ್ಲ. ಬುವೆನೊಸ್ ಐರೆಸಿನ ಬಂದರನ್ನು ವ್ಯಾಪಾರಕ್ಕೆ ತೆರೆದ ಪಾಠ.

"ರಾಜಧಾನಿಯೋರ ವಿಷಯಾನಾ? ಬೇಡ. ಅವರ ಬಡಾಯಿ ಟೀವೀಲಿ ದಿನಾ ಕೇಳ್ತೀನಿ, ನನ್ನ ಒಲೆ ಮುಂದೆ ಬೇಡ."

"ಅದೂ ಪರೀಕ್ಷೆಯಲ್ಲಿ ಬರಬಹುದು, ದೋನ್ಯಾ ದೆಲ್ಮಿರಾ," ಎಂದಳು ಪಿರೆತ್. ಹಿರಿಯ ಹೆಂಗಸರನ್ನು ಅವಳೂ ನಮ್ಮ ಹಾಗೆ ದೋನ್ಯಾ ಎಂದೇ ಕರೆಯುತ್ತಿದ್ದಳು.

"ಬರಲ್ಲ. ಅಷ್ಟು ಗುಂಡಲ್ಲಿ ಅದೇ ಬರತ್ತಾ? ಬಿಡೇ. ಮುಂದಿನದು ಹೇಳು."

ಪುಸ್ತಕವನ್ನೆಲ್ಲ ಕಂಠಪಾಠ ಮಾಡಿದ ನಮ್ಮೂರಿನ ಯಾರಾದರೂ ಒಂದು ಪಾಠ ಬಿಟ್ಟರೆ ಅದು ಇದೇ ಆಗಿರುತ್ತದೆ. ಅದನ್ನೂ ಹೇಳಿಸಿ ಎಂದು ನಾನಾದರೂ ಹೇಳಬಹುದಿತ್ತು. ಆದರೆ ನಾನೂ ಒಳನಾಡಿನವನೇ, ನನಗೂ ರಾಜಧಾನಿಯವರನ್ನು ಕಂಡರಾಗುವುದಿಲ್ಲ.

ಪರೀಕ್ಷೆಗೆ ಎರಡು ದಿನವಿದ್ದಾಗ ಒಂದು ಎಡವಟ್ಟು ಕಣ್ಣಿಗೆ ಬಿತ್ತು. ಪಿರೆತ್ ಗಣಿ ಕೂಲಿಗಳ ದಂಗೆಯ ಕತೆಯನ್ನು ಬಿಸಿಬಿಸಿಯಾಗಿ ಹೇಳುತ್ತಿದ್ದಾಗ ಗ್ಯಾಸಿನವನು ಬಂದನೆಂದು ದೆಲ್ಮಿರಾ ಎದ್ದು ಹೋದಳು. ನಾನು ಪ್ರೊಫೆಸರರ ಗತ್ತಿನಲ್ಲಿ, "ಹೂಂ, ಮುಂದುವರಿಸಿ," ಎಂದೆ. ಪಿರೆತ್ ನನ್ನ ಮುಖ ನೋಡಿ ಒಂದು ವಾಕ್ಯ ಹೇಳಿ ನಿಲ್ಲಿಸಿದಳು. ಇನ್ನೊಂದು ಪ್ರಶ್ನೆ ಕೇಳಿದೆ, ಇನ್ನೊಂದು ವಾಕ್ಯ. ದೆಲ್ಮಿರಾ ವಾಪಸು ಬಂದು "ಆಮೇಲೆ?" ಅಂದದ್ದೇ ನಲ್ಲಿ ಮತ್ತೆ ಬಿಟ್ಟುಕೊಂಡಿತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ನೀವು ಬರಬೇಕು, ದೋನ್ಯಾ ದೆಲ್ಮಿರಾ," ಎಂದಳು ಪಿರೆತ್.

"ಎಲ್ಲಿಗೆ?"

"ಪರೀಕ್ಷೆಗೆ."

ದೆಲ್ಮಿರಾ ಕೈ ತನ್ನಷ್ಟಕ್ಕೆ ಎಡ ಎದೆಯ ಮೇಲೆ ಹೋಯಿತು. ಅಪಶಕುನ ತಟ್ಟದಿರಲಿ ಎಂದು ನಮ್ಮಲ್ಲಿ ಹೆಂಗಸರು ಅಲ್ಲಿ ಮುಟ್ಟಿಕೊಳ್ಳುತ್ತಾರೆ. ಗಂಡಸರು ಎಲ್ಲಿ ಎಂದು ಹೇಳುವುದು ಬೇಡ, ನಾನೂ ಮುಟ್ಟಿಕೊಂಡೆ.

"ಹುಚ್ಚು ಹಿಡೀತಾ ನಿಂಗೆ? ನನ್ನ ಕಾಲ್ಗುಣ ಸರಿಯಿಲ್ಲ ಕಣೇ. ನನ್ನ ಸ್ವಂತ ಮಗನಿಗೇ..."

"ಆರಿಯೆಲ್ ವಿಷಯ ನನಗೆ ಗೊತ್ತು. ಕ್ಯಾಲೆಂಡರು ಹೇಳಿದಾರೆ."

ದೆಲ್ಮಿರಾ ನನ್ನ ಕಡೆ ನೋಡಿದ ನೋಟಕ್ಕೆ ನಾನು ಭಸ್ಮವಾಗಬೇಕಿತ್ತು. ಪಿರೆತ್ ಬಿಡಲಿಲ್ಲ. ಸ್ಟೂಲಿನಿಂದ ಎದ್ದು ನಿಂತು ಶುರುಮಾಡಿದಳು.

"ಸರಿ, ಒಪ್ಕೊಳ್ಳೋಣ, ನೀವು ಹೋದ್ರೆ ಫೇಲು. ಹಾಗಾದ್ರೆ ನಾನು ಮೊದಲ್ನೇ ಸಲ ಯಾಕೆ ಫೇಲಾದೆ? ನೀವು ಬಂದೇ ಇರ್ಲಿಲ್ವಲ್ಲ. ಈ ಮನೇಲಿದ್ದು ಪಾಸಾದೋರು ಎಷ್ಟು ಜನ? ಅವರೆಲ್ಲ ಯಾರ ಕೈ ಊಟ ತಿಂದ್ರು? ಪಾಸಾದದ್ದು ಅವರ ಬುದ್ಧಿಯಿಂದ, ಫೇಲಾದದ್ದು ನಿಮ್ಮ ಕಾಲ್ಗುಣದಿಂದ ಅಂದ್ರೆ ಯಾವ ನ್ಯಾಯ ರೀ ಇದು? ಒಂದೇ ಒಂದು ಸಲ ಆದದ್ದನ್ನ ಹಿಡ್ಕೊಂಡು ನಿಯಮ ಮಾಡೋ ಹಾಗಿಲ್ಲ, ನನ್ನ ಪ್ರೊಫೆಸರಾದ್ರೆ ಕಾಗದ ಮುಖಕ್ಕೆ ಎಸೀತಾರೆ. ಇನ್ನೊಂದು ಕೇಳಿ..."

ಅವಳು ಇನ್ನೊಂದು, ಮತ್ತೊಂದು ಹೇಳುತ್ತಲೇ ಹೋದಳು. ಒಲೆಯ ಮೇಲೆ ಹಾಲು ಉಕ್ಕಿತು, ಯಾರೂ ಏಳಲಿಲ್ಲ. ದೆಲ್ಮಿರಾ ಎರಡು ಸಲ ಅಡ್ಡ ಬಾಯಿ ಹಾಕಿದಳು, ಎರಡು ಸಲವೂ ಪಿರೆತ್ "ತಡೀರಿ, ಮುಗೀಲಿಲ್ಲ," ಎಂದಳು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಅನ್ನುವ ಮಾತನ್ನು ಈ ಹುಡುಗಿ ನಾಲ್ಕು ದಿಕ್ಕಿನಿಂದ ಸಾಧಿಸಿ ತೋರಿಸಿದಳು. ಕೊನೆಗೆ ಉಸಿರು ಎಳೆದುಕೊಂಡು ಹೇಳಿದಳು:

"ಇಷ್ಟರ ಮೇಲೂ ಬರಲ್ಲ ಅಂದ್ರೆ ಬೇಡ. ಆದ್ರೆ ಕಾಲ್ಗುಣದ ನೆಪ ಹೇಳ್ಬೇಡಿ. ಭಯ ಆಗತ್ತೆ ಅಂತ ಹೇಳಿ. ನನಗೂ ಆಗತ್ತೆ."

ದೆಲ್ಮಿರಾ ಎದ್ದು ಒಲೆ ಆರಿಸಿದಳು. ಆಮೇಲೆ ಬಟ್ಟೆ ತಗೊಂಡು ಒಲೆ ಒರೆಸುತ್ತಾ, "ಯಾವ ಬಟ್ಟೆಗೆ ಯಾವ ಚಪ್ಪಲಿ ಅಂತ ನೋಡೋ ವಯಸ್ಸಲ್ಲ ನಂದು. ಆ ನೀಲಿ ಫ್ರಾಕು ಇಸ್ತ್ರಿ ಮಾಡ್ಕೊಡು," ಎಂದಳು. ಗೆದ್ದ ಹುಡುಗಿಯ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು ಎಂದು ಬರೆಯಲು ನನಗೇನೂ ನಾಚಿಕೆಯಿಲ್ಲ.

ಪರೀಕ್ಷೆಯ ದಿನ ನಾನು ಅಂಗಡಿಗೆ ಬೀಗ ಹಾಕಿದೆ. ದೆಲ್ಮಿರಾ ವಿಶ್ವವಿದ್ಯಾಲಯದ ಮೆಟ್ಟಿಲ ಹತ್ತಿರ ಒಮ್ಮೆ ನಿಂತಳು, ನನ್ನ ತೋಳು ಹಿಡಿದಳು, ಹತ್ತಿದಳು. ಕಡುಬಿನ ಡಬ್ಬಿ ತಂದಿರಲಿಲ್ಲ. ಪರೀಕ್ಷೆ ನಡೆಯುವ ಹಾಲಿನ ಕೊನೇ ಸಾಲಿನ ಮೂಲೆಯಲ್ಲಿ, ಕಂಬದ ಮರೆಯಲ್ಲಿ ಕೂತಳು. ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ವಿಯಫಾನ್ಯೆ ನಡುವೆ, ಇಬ್ಬರು ಗಂಡಸು ಪ್ರೊಫೆಸರುಗಳು ಆಚೆ ಈಚೆ. ಪಿರೆತಳನ್ನು ಕರೆದರು. ಪಂಜರ ತಿರುಗಿತು, ಅವಳು ಗುಂಡು ಎತ್ತಿ ಕೊಟ್ಟಳು.

"ಬುವೆನೊಸ್ ಐರೆಸ್ ಬಂದರು ತೆರೆದದ್ದು," ಎಂದು ಓದಿದರು ವಿಯಫಾನ್ಯೆ.

ದೆಲ್ಮಿರಾ ಉಗುರು ನನ್ನ ಮೊಣಕೈಗೆ ಇಳಿಯಿತು. "ನೋಡ್ದ್ಯಾ? ನೋಡ್ದ್ಯೇನೋ? ನಾನು ಬಂದೆ, ಅದೇ ಬಂತು," ಎಂದು ಪಿಸುಗುಟ್ಟಿದಳು.

ಪಿರೆತ್ ಒಂದು ವಾಕ್ಯ ಹೇಳಿದಳು. ವರ್ಷ, ರಾಜ, ಆಜ್ಞೆ, ಎಲ್ಲ ಸರಿ. ನಿಲ್ಲಿಸಿದಳು. ವಿಯಫಾನ್ಯೆ ಬೀಸಣಿಗೆ ಆಡಿಸುತ್ತಾ ಕಾದರು. ಮತ್ತದೇ ಮೌನ. ಹುಡುಗಿಯ ಕಿವಿ ಕೆಂಪಾಯಿತು, ಕಣ್ಣು ಪ್ರೊಫೆಸರರ ತಲೆಯ ಮೇಲಿಂದ ಹಾದು ಕೊನೇ ಸಾಲನ್ನು ಹುಡುಕಿತು. ವಿಯಫಾನ್ಯೆ ಎದ್ದು ನಿಂತು ಹಾಲಿನ ತುದಿಯವರೆಗೆ ದಿಟ್ಟಿಸಿದರು.

"ಯಾರನ್ನ ನೋಡ್ತಿದೀರಿ? ಅಲ್ಲಿ ಕಂಬದ ಹಿಂದೆ ಇರೋರು ಯಾರು?"

ದೆಲ್ಮಿರಾ ಎದ್ದಳು. ಅಷ್ಟು ದೊಡ್ಡ ಗಂಟಲಿನಿಂದ ಅಷ್ಟು ಸಣ್ಣ ದನಿ ಬಂದದ್ದನ್ನು ನಾನು ಕೇಳಿರಲೇ ಇಲ್ಲ.

"ನಾನು ಮೇಡಂ, ಹುಡುಗಿ ನಮ್ಮನೇಲಿರೋದು. ನನ್ನ ಕಾಲ್ಗುಣ ಸರಿಯಿಲ್ಲ. ನಾನು ಎದ್ದು ಹೋಗ್ತೀನಿ, ಅವಳಿಗೆ ಇನ್ನೊಂದು ಗುಂಡು ಕೊಡಿ."

ಕೂತವರೆಲ್ಲ ನಕ್ಕರು. ವಿಯಫಾನ್ಯೆ ನಗಲಿಲ್ಲ. "ಇನ್ನೊಂದು ಗುಂಡಿಲ್ಲ. ನೀವೂ ಎಲ್ಲೂ ಹೋಗ್ಬೇಕಾಗಿಲ್ಲ. ಬನ್ನಿ ಇಲ್ಲಿ, ಮುಂದೆ. ನನ್ನ ತಲೆ ಮೇಲಿಂದ ಮಾತಾಡೋದು ನನಗಾಗಲ್ಲ."

ಹೀಗೆ ದೆಲ್ಮಿರಾ ಮೊದಲನೇ ಸಾಲಿಗೆ ಬಂದು ಕೂರಬೇಕಾಯಿತು, ಮಗನ ದಿನ ಕೂತಿದ್ದಂತೆಯೇ. ಬಲಿಗೆ ಹೊರಟ ಮೇಕೆಯೂ ಇನ್ನಷ್ಟು ಗೆಲುವಾಗಿರುತ್ತದೆ. ಪಿರೆತ್ ಆಕೆಯನ್ನು ನೋಡಿದಳು. ಆಮೇಲೆ ಪ್ರೊಫೆಸರರ ಕಡೆ ತಿರುಗಿದಳು.

"ಮೇಡಂ, ಈ ಬಂದರಿನ ಪಾಠನ ದೋನ್ಯಾ ದೆಲ್ಮಿರಾ ತಮ್ಮ ಅಡುಗೆಮನೇಲಿ ನನಗೆ ಎತ್ತೋಕೇ ಬಿಡ್ಲಿಲ್ಲ. ಉಳಿದದ್ದನ್ನೆಲ್ಲ ಕೇಳಿದ್ರು, ಇದನ್ನ ಮಾತ್ರ ಬೇಡ ಅಂದ್ರು. ಯಾಕೆ ಬೇಡ ಅಂದ್ರು ಅಂತ ಈಗ ಯೋಚಿಸ್ತಿದ್ದೆ. ಅದೇ ಈ ಪಾಠ."

"ಅಂದ್ರೆ?" ಎಂದರು ವಿಯಫಾನ್ಯೆ.

ಅಷ್ಟು ಸಾಕಾಯಿತು. ಬಂದರು ತೆರೆಯಿತು, ಹಡಗಿನಲ್ಲಿ ಅಗ್ಗದ ಬಟ್ಟೆ ಬಂತು. ಕೊರ್ದೊಬಾದ ಹೆಂಗಸರು ಮನೆಮನೆಯಲ್ಲಿ ನೇಯುತ್ತಿದ್ದ ಉಣ್ಣೆಯ ಬಟ್ಟೆಗೆ ಕೇಳುವವರಿಲ್ಲದಾಯಿತು. ಉತ್ತರದ ಬೆಟ್ಟದ ಕಡೆಗೆ ಹರಿಯುತ್ತಿದ್ದ ವ್ಯಾಪಾರ ಸಮುದ್ರದ ಕಡೆ ತಿರುಗಿತು. ಸುಂಕವೆಲ್ಲ ಬಂದರಿನವರ ಪಾಲು, ಸಿಟ್ಟು ಒಳನಾಡಿನವರ ಪಾಲು. ಆ ಸಿಟ್ಟು ಹೇಗೆ ಯುದ್ಧವಾಯಿತು, ಯುದ್ಧ ಮುಗಿದರೂ ಹೇಗೆ ಮುಗಿಯಲಿಲ್ಲ, ಎಲ್ಲವನ್ನೂ ಅವಳು ನಮ್ಮ ಅಂಗಳದ ಮಾತಿನಲ್ಲಿ ಹೇಳಿದಳು. ಅವಳು ಒಂದೊಂದು ಮಾತು ನಿಲ್ಲಿಸಿದಾಗಲೂ ದೆಲ್ಮಿರಾ ತುಟಿ 'ಆಮೇಲೆ?' ಎಂದು ಅಲುಗುವುದು ನನಗೆ ಕಾಣುತ್ತಿತ್ತು.

"ಅಡುಗೆಮನೆ ಸಿಟ್ಟು ದಾಖಲೆ ಆಗಲ್ಲ," ಎಂದು ಅಡ್ಡ ಹಾಕಿದರು ವಿಯಫಾನ್ಯೆ.

"ಒಪ್ಪಲ್ಲ ಮೇಡಂ."

ಪಕ್ಕದ ಪ್ರೊಫೆಸರು ಕನ್ನಡಕ ತೆಗೆದರು.

"ಒಪ್ಪಲ್ಲ. ಸಿಟ್ಟು ಒಂದೇ ಇದ್ರೆ ದಾಖಲೆ ಅಲ್ಲ, ಸರಿ. ಆದ್ರೆ ಸುಂಕದ ಲೆಕ್ಕ ಒಂದು ಕಡೆ ಇಟ್ಟು, ಈ ಸಿಟ್ಟನ್ನ ಇನ್ನೊಂದು ಕಡೆ ಇಟ್ಟು ನೋಡಿ. ಎರಡೂ ಒಂದೇ ಕತೆ ಹೇಳ್ತಾವೆ. ಹಾಗಿರೋವಾಗ ಒಂದನ್ನ ನಂಬಿ ಇನ್ನೊಂದನ್ನ ಯಾಕೆ ಬಿಡ್ಬೇಕು?"

ವಿಯಫಾನ್ಯೆ ಬೀಸಣಿಗೆ ಮಡಿಸಿ ಮೇಜಿನ ಮೇಲಿಟ್ಟರು. ಮುಂದೆ ನಡೆದದ್ದು ಪರೀಕ್ಷೆಯಲ್ಲ, ಜಗಳ. ಇಬ್ಬರೂ ಬಿಟ್ಟುಕೊಡಲಿಲ್ಲ, ಇಬ್ಬರಿಗೂ ಖುಷಿಯಾಗುತ್ತಿರುವುದು ಕಾಣುತ್ತಿತ್ತು. ಕೊನೆಗೆ "ಸಾಕು, ಸಾಕು," ಎಂದರು ವಿಯಫಾನ್ಯೆ. ಮೂವರೂ ತಲೆ ಸೇರಿಸಿ ಗುಸುಗುಸು ಮಾಡಿದರು.

"ಎಂಟು," ಎಂದರು.

ಹೊರಗಿನ ಪಡಸಾಲೆಯಲ್ಲಿ ಪಿರೆತ್ ದೆಲ್ಮಿರಾಳನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. ನೀಲಿ ಫ್ರಾಕಿನ ಹೊಲಿಗೆ ಬಿಟ್ಟುಕೊಂಡಿತು. ದೆಲ್ಮಿರಾ ನಗಲಿಲ್ಲ, ಅಳಲಿಲ್ಲ. ಚೀಲದಿಂದ ಫೋನು ತೆಗೆದಳು. ಅದು ಭಾನುವಾರ ಆಗಿರಲಿಲ್ಲ. ಆಕೆ ಫೋನಿನಲ್ಲಿ ಮಾತಾಡಿದರೆ ಊರಿಗೆಲ್ಲ ಕೇಳುವಂತೆ ಸ್ಪೀಕರ್ ಹಾಕಿಯೇ ಮಾತಾಡುವುದು.

"ಅಮ್ಮಾ? ಏನಾಯ್ತು? ಹುಷಾರಾಗಿದೀಯಾ?" ಆರಿಯೆಲ್ ದನಿ. ಹಿಂದೆ ಯಂತ್ರದ ಗದ್ದಲ.

"ಹುಷಾರಾಗಿದೀನಿ ಕಣೋ. ವಿಶ್ವವಿದ್ಯಾಲಯದಲ್ಲಿದೀನಿ. ಮೊದಲ್ನೇ ಸಾಲಲ್ಲಿ ಕೂತಿದ್ದೆ. ಹುಡುಗಿಗೆ ಎಂಟು ಬಂತು." ಉಸಿರು ಎಳೆದುಕೊಂಡಳು. "ಆರಿಯೆಲ್, ಅವತ್ತು ನೀನು ಫೇಲಾದದ್ದು ನನ್ನಿಂದಾನಾ?"

ಯಂತ್ರದ ಸದ್ದು ದೂರವಾಯಿತು. ಅವನು ಎಲ್ಲೋ ಆಚೆಗೆ ನಡೆದಿರಬೇಕು.

"ನಿನ್ನಿಂದಾನಾ? ಅಮ್ಮಾ, ನಾನು ಅವತ್ತು ಒಂದಕ್ಷರ ಓದಿರ್ಲಿಲ್ಲ. ಬಾಗಿಲಿಂದಲೇ ಓಡಿಹೋಗೋಣ ಅಂತಿದ್ದೆ. ನೀನು ಮುಂದೆ ಕೂತಿದ್ಯಲ್ಲ, ನಿನ್ನ ನೋಡಿ ಧೈರ್ಯ ಬಂತು, ಅದಕ್ಕೇ ಒಳಗೆ ಬಂದೆ."

"ಮತ್ತೆ ಇಷ್ಟು ವರ್ಷ ಯಾಕೋ ಹೇಳ್ಲಿಲ್ಲ?"

"ನೀನು ಕೇಳ್ಲೇ ಇಲ್ವಲ್ಲಮ್ಮ."

ದೆಲ್ಮಿರಾ ಫೋನು ಎದೆಗೊತ್ತಿಕೊಂಡು ಗೋಡೆಗೆ ಒರಗಿದಳು. ಆಗ ಅತ್ತಳು, ಬಸ್ ನಿಲ್ದಾಣದ ಹಾಗೆ ಗೊಳೋ ಎಂದಲ್ಲ, ಸದ್ದಿಲ್ಲದೆ, ತುಂಬಾ ಹೊತ್ತು. ನಾವಿಬ್ಬರೂ ಏನು ಮಾಡಬೇಕೆಂದು ತಿಳಿಯದೆ ಆಚೆ ಈಚೆ ನಿಂತಿದ್ದೆವು.

ಹಾಲಿನ ಬಾಗಿಲಲ್ಲಿ ಮುಂದಿನ ಹೆಸರು ಕೂಗಿದರು. ಬೆಂಚಿನಿಂದ ಎದ್ದವಳು ನಲವತ್ತು ದಾಟಿದ ಒಬ್ಬ ನರ್ಸು, ಆಸ್ಪತ್ರೆಯ ಬಟ್ಟೆಯಲ್ಲೇ ಕೆಲಸದಿಂದ ಬಂದಿದ್ದಳು. ಎದ್ದವಳು ಹೆಜ್ಜೆ ಕೀಳಲಾರದೆ ಅಲ್ಲೇ ನಿಂತಳು. ದೆಲ್ಮಿರಾ ಮೂಗು ಒರೆಸಿಕೊಂಡು ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ನಿನ್ನ ಕಡೆಯೋರು ಯಾರೂ ಬಂದಿಲ್ವೇನಮ್ಮ?"

"ಇಲ್ಲ. ಯಾರಿಗೂ ಹೇಳಿಲ್ಲ. ಮನೆಯೋರು ಬಂದ್ರೆ ಅಪಶಕುನ ಅಂತಾರಲ್ಲ."

"ಯಾವ ಮುಠ್ಠಾಳ ಹೇಳಿದ್ದು?" ಎಂದಳು ದೆಲ್ಮಿರಾ, ಕಿತ್ತ ಹೊಲಿಗೆಯನ್ನು ಒಂದು ಕೈಯಲ್ಲಿ ಮುಚ್ಚಿ, ಇನ್ನೊಂದು ಕೈಯಲ್ಲಿ ನರ್ಸಿನ ರಟ್ಟೆ ಹಿಡಿದು. "ನಡಿ ಒಳಗೆ. ಮೊದಲ್ನೇ ಸಾಲಲ್ಲಿ ನಾನಿರ್ತೀನಿ."